ಎಲೆ ಲೆಕ್ಕ

ಹೊಗೆಸೊಪ್ಪು ಕಟ್ಟಲು ಕೂತಾಗ ಚಿಕ್ಕಬೀರಮ್ಮನ ಪಕ್ಕದ ಜಾಗಕ್ಕೆ ಯಾರೂ ಹೋಗುವುದಿಲ್ಲ. ಅವಳೇನು ಜಗಳಗಂಟಿಯಲ್ಲ, ಜಗಳವಾಡಲು ಬಾಯಾದರೂ ಬಿಡಬೇಕಲ್ಲ! ಅವಳು ಎಣಿಸುತ್ತಾಳೆ. ಅದೂ ಎಲೆ ಎಣಿಸುತ್ತಾಳೆ. ಮಿಕ್ಕವರೆಲ್ಲ ಎಣಿಸುವುದು ಕಡ್ಡಿಯನ್ನು. ಉದ್ದನೆಯ ಕಡ್ಡಿಯ ಎರಡೂ ಬದಿಗೆ ಮೂರು ಮೂರು ಎಲೆ ಸೇರಿಸಿ ದಾರದಲ್ಲಿ ಬಿಗಿಯುತ್ತ ಹೋದರೆ, ತುಂಬುವ ಹೊತ್ತಿಗೆ ನೂರೋ ನೂರಿಪ್ಪತ್ತೋ ಎಲೆ ಆಗಿರುತ್ತದೆ. ಸರಿಯಾಗಿ ಎಷ್ಟು ಎಂದು ಕೇಳುವವರು ಪಿರಿಯಾಪಟ್ಟಣದ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಕಡ್ಡಿ ತುಂಬಿತು, ಒಂದು. ಅಷ್ಟೇ ಲೆಕ್ಕ. ಎಲ್ಲರೂ ಸೊಸೆಯಂದಿರನ್ನು ಬೈಯುತ್ತ, ಎಲೆ ಅಡಿಕೆ ಹಾಕುತ್ತ ಕಟ್ಟುವಾಗ ಇವಳೊಬ್ಬಳು ತುಟಿಯಲ್ಲೇ ಎಂಬತ್ತೇಳು, ತೊಂಬತ್ತು, ತೊಂಬತ್ಮೂರು ಎನ್ನುತ್ತಿದ್ದರೆ ಯಾರಿಗೆ ತಾನೇ ಮಾತು ಹೊರಡುತ್ತದೆ?

ಇದು ಅವಳ ಹುಟ್ಟುಗುಣವಲ್ಲ. ೧೯೯೮ರ ಮಳೆಗಾಲದವರೆಗೆ ಅವಳೂ ಕಡ್ಡಿಯನ್ನೇ ಎಣಿಸುತ್ತಿದ್ದಳು.

ಆಗ ಅವಳ ಮಗಳು ರಮ್ಯಾಗೆ ಒಂಬತ್ತು ವರ್ಷ. ನೋಡಲು ಗೊಂಬೆ ಕಣ್ರೀ, ಉದ್ದ ರೆಪ್ಪೆ, ಗುಂಗುರು ಕೂದಲು. ಮಾತಿಲ್ಲ. ಕರೆದರೆ ತಿರುಗುವುದಿಲ್ಲ. ನೀರು ಬೇಕೆಂದರೂ, ಹಸಿವಾದರೂ, ಏನೂ ಆಗದಿದ್ದರೂ ಹೋಗಿ ಗೋಡೆಗೆ ಹಣೆ ಚಚ್ಚುತ್ತಿದ್ದಳು. ಧಡ್, ಧಡ್, ಧಡ್. ಚಿಕ್ಕಬೀರಮ್ಮ ಹರಕೆ ಹೊತ್ತಳು, ತಾಯತ ಕಟ್ಟಿಸಿದಳು, ಹುಣಸೂರಿನಲ್ಲಿ ಯಾರೋ ಕೊಟ್ಟ ಬೇರು ಅರೆದು ನೆಕ್ಕಿಸಿದಳು. ಗಂಡ ದೇವರಾಜು ಕೊಡಗಿನ ಕಾಫಿ ತೋಟವೊಂದರಲ್ಲಿ ಕೆಲಸಕ್ಕಿದ್ದು, ಭಾನುವಾರ ಬಂದು ಮಗಳ ಹಣೆ ಸವರಿ, ಸೋಮವಾರ ಬೆಳಗಿನ ಬಸ್ಸಿಗೆ ಹೋಗುತ್ತಿದ್ದ. ಅವನದು ಬಾಯಿಲ್ಲದ ಜೀವ. ಮನೆಯ ಯಜಮಾನಿಕೆ ಅವನ ಅಣ್ಣ ಕಂಠಪ್ಪನದು.

ಕಂಠಪ್ಪನನ್ನು ಕೆಟ್ಟವನು ಎಂದರೆ ನಾಲಿಗೆಗೆ ಹುಳ ಬಿದ್ದೀತು. ಆದರೆ ಅವನು ಬ್ಯಾರನ್ ಕಾಯುವ ಮನುಷ್ಯ. ಹಸಿ ಸೊಪ್ಪಿನ ಕಡ್ಡಿಗಳನ್ನು ಬ್ಯಾರನ್ ಎಂಬ ಆ ಎತ್ತರದ ಗೂಡಿನೊಳಗೆ ತುಂಬಿ, ಒಣಗಿಸಲು ಬೆಂಕಿ ಹಾಕಿದರೆ ಐದು ದಿನ ಐದು ರಾತ್ರಿ ಗಂಟೆ ಗಂಟೆಗೂ ಶಾಖ ನೋಡಬೇಕು. ಪುಟ್ಟ ಕಿಟಕಿಯ ಗಾಜಿನಾಚೆ ಶಾಖ ಅಳೆಯುವ ಕೊಳವೆ ತೂಗಾಡುತ್ತಿರುತ್ತದೆ. ಅದರ ಗೆರೆ ಎರಡು ಮೇಲೆ ಹೋಯಿತೋ ವರ್ಷದ ಬೆಳೆ ಕರಿದಾಗಿ ಕೂತಿತು. ಅಂಥವನಿಗೆ ಹಗಲು ಒಂದೆರಡು ಗಂಟೆ ನಿದ್ದೆ ಸಿಕ್ಕರೆ ಪುಣ್ಯ. ಅವನು ಮಲಗುವ ಕೋಣೆಯ ಗೋಡೆಗೇ ಈ ಮಗು ಹಣೆ ಚಚ್ಚುತ್ತಿತ್ತು.

ಜೂನ್ ತಿಂಗಳ ಒಂದು ಮಧ್ಯಾಹ್ನ ಅವನು ಕೆಂಗಣ್ಣಿನಲ್ಲಿ ಎದ್ದು ಬಂದ.

“ನೋಡವ್ವ, ನಾನು ಕಟುಕ ಅಲ್ಲ ಕಣಮ್ಮಿ. ಆದ್ರೆ ಬರೋ ತಿಂಗ್ಳು ಬ್ಯಾರನ್‌ಗೆ ಬೆಂಕಿ ಆಕ್ದಾಗ್ಲೂ ಇಂಗೇ ಆದ್ರೆ ನಾನು ಅದ್ರ ಮುಂದೆ ತೂಕಡಿಸಿ ಬೆಂಕಿಗೇ ಬೀಳ್ತೀನಿ. ಮೈಸೂರಿಂದಾಚೆ ಒಂದು ಆಶ್ರಮ ಅದೆ, ಇಂಥ ಮಕ್ಳನ್ನ ಇಟ್ಕತಾರೆ. ಈ ಸಲದ ಸೊಪ್ಪು ಮುಗಿಯೋ ಒತ್ಗೆ ಇದು ತಗ್ಗಬೇಕು. ಇಲ್ದಿದ್ರೆ ಗಾಡಿ ಕರೆಸ್ತೀನಿ.”

ಚಿಕ್ಕಬೀರಮ್ಮ ಆ ಆಶ್ರಮವನ್ನು ಕಂಡಿದ್ದಳು. ಹಿಂದಿನ ವರ್ಷ ಅಕ್ಕ ಪುಟ್ಟಸಿದ್ದಮ್ಮ, ಅಂದರೆ ಕಂಠಪ್ಪನ ಹೆಂಡತಿ, “ಸುಮ್ನೆ ನೋಡ್ಕಂಡ್ ಬರಾನ ಬಾ” ಎಂದು ಕರೆದುಕೊಂಡು ಹೋಗಿದ್ದಳು. ಮಕ್ಕಳ ಕೈಗಳನ್ನು ಹಳೆ ಪಂಚೆಯ ಚೂರಿನಿಂದ ಕಿಟಕಿ ಸರಳಿಗೆ ಕಟ್ಟಿದ್ದರು. ಒಂದು ಮಗು ಕಟ್ಟಿದ ಕೈಯನ್ನೇ ನೋಡುತ್ತ ನಿಂತಿತ್ತು.

“ಎಷ್ಟಕ್ಕೆ ತಗ್ಗಬೇಕು ಭಾವ?” ಎಂದು ಕೇಳಿದಳು. ಕೇಳಬಾರದಿತ್ತೇನೋ. ಶಾಖದ ಗೆರೆ ನೋಡಿ ನೋಡಿ ಅಭ್ಯಾಸವಾದವನು, ಒಂದು ಅಂಕಿ ಹೇಳಿಯೇಬಿಟ್ಟ.

“ದಿನಕ್ಕೆ ಅತ್ತರೊಳ್ಗೆ ತಾ.”

ಇನ್ನು ಶಾಹಿಸ್ತಾ ಮೇಡಂ ವಿಷಯ. ಹುಣಸೂರಿನ ಹುಡುಗಿ, ಅಪ್ಪನದು ಮರದ ಕೆಲಸ. ಇಂಥ ಮಕ್ಕಳಿಗೆ ಕಲಿಸುವ ವಿದ್ಯೆಯನ್ನು ಮೈಸೂರಿನಲ್ಲಿ ಓದಿದ್ದಳು. ತಿಂಗಳ ಎರಡನೇ ಶನಿವಾರ ಪಿರಿಯಾಪಟ್ಟಣದ ಶಾಲೆಯೊಂದರ ಕೋಣೆಯಲ್ಲಿ ಕೂರುತ್ತಿದ್ದಳು. ವಯಸ್ಸು ಇಪ್ಪತ್ತನಾಲ್ಕು, ಉತ್ಸಾಹ ಹನ್ನೆರಡು ಜನಕ್ಕಾಗುವಷ್ಟು. ಆ ತಿಂಗಳೇ ಚಿಕ್ಕಬೀರಮ್ಮ ಮಗಳನ್ನು ಅಲ್ಲಿಗೆ ಕರೆದೊಯ್ದಳು. ರಮ್ಯಾ ದುಪಟ್ಟಾ ಎಳೆದು ಹರಿದರೂ ಶಾಹಿಸ್ತಾ ನಕ್ಕಳು.

“ಅಮ್ಮಾ, ಮೊದಲು ಎಣಿಸಬೇಕು. ಬಹಳ ಹೊಡ್ಕೋತಾಳೆ, ಕಡಿಮೆ ಹೊಡ್ಕೋತಾಳೆ ಅಂದ್ರೆ ನಂಗೇನು ಗೊತ್ತಾಗತ್ತೆ ಹೇಳಿ? ನೀವು ಸುಸ್ತಾಗಿದ್ರೆ ಹತ್ತೂ ಬಹಳವೇ, ಖುಷೀಲಿದ್ರೆ ನೂರೂ ಕಡಿಮೇನೇ. ಕಣ್ಣಿಗೆ ಕಂಡಿದ್ದನ್ನ ಮಾತ್ರ ಎಣಿಸಿ.”

ಒಂದು ನೋಟ್‌ಬುಕ್ಕಿನಲ್ಲಿ ಸ್ಕೇಲ್ ಇಟ್ಟು ಮೂರು ಕಾಲಂ ಹಾಕಿಕೊಟ್ಟಳು. ಎಷ್ಟು ಸಲ. ಎಷ್ಟು ಹೊತ್ತು. ಶುರುವಾಗುವ ಮುಂಚೆ ಏನಾಯಿತು. ಚಿಕ್ಕಬೀರಮ್ಮ ಐದನೇ ಕ್ಲಾಸು ಓದಿದ್ದಳು, ಅಂಕಿ ಬರೆಯಬಲ್ಲಳು. ಆದರೆ ಅವಳ ಬಳಿ ಗಡಿಯಾರ ಇರಲಿಲ್ಲ, ಅದನ್ನು ಹೇಳಲು ನಾಚಿಕೆಯಾಯಿತು. ಎರಡನೇ ಕಾಲಮ್ಮು ಅಂದಿನಿಂದಲೇ ಖಾಲಿ ಉಳಿಯಿತು. ಮೂರನೆಯದರಲ್ಲಿ “ಏನೂ ಇಲ್ಲ” ಎಂದು ಬರೆಯುತ್ತ ಹೋದಳು, ಏಕೆಂದರೆ ಅವಳಿಗೆ ನಿಜವಾಗಿಯೂ ಏನೂ ಕಾಣುತ್ತಿರಲಿಲ್ಲ.

ಮೊದಲ ಕಾಲಮ್ಮಿಗೆ ಹುಣಸೆ ಬೀಜ. ಮಡಿಲಿನ ಬಲಗಡೆ ಗಂಟಿನಲ್ಲಿ ನೂರೈವತ್ತು ಬೀಜ. ಒಂದು ಏಟಿಗೆ ಒಂದು ಬೀಜ ಎಡಗಡೆಗೆ. ಮೊದಲ ದಿನ ಮಧ್ಯಾಹ್ನದೊಳಗೆ ಬಲಗಂಟು ಬರಿದಾಯಿತು. ಅವಳು ಒಲೆ ಮುಂದೆ ತಲೆ ಮೇಲೆ ಕೈ ಹೊತ್ತು ಕೂತಳು. ಅಯ್ಯೋ ದೇವರೇ, ಹತ್ತರೊಳಗೆ ಎಲ್ಲಿಂದ ತರಲಿ? ಕಿಟಕಿ ಸರಳಿಗೆ ಕಟ್ಟಿದ್ದ ಆ ಕೈಗಳು ಕಣ್ಣೆದುರು ಬಂದವು.

ಜುಲೈನಲ್ಲಿ ಸೊಪ್ಪು ಮುರಿಯುವ ಕೆಲಸ ಶುರುವಾಯಿತು. ಹಸಿ ಹೊಗೆಸೊಪ್ಪು ಮುಟ್ಟಿದ ಕೈ ಹೇಗಿರುತ್ತದೆಂದು ಮುಟ್ಟಿದವರಿಗೇ ಗೊತ್ತು. ಕಪ್ಪು ಮೇಣ ಬೆರಳಿಗೆ ಅಂಟಿಕೊಂಡು, ಸೋಪು ಹಾಕಿದರೂ ಬಿಡುವುದಿಲ್ಲ. ಅದಕ್ಕೆ ಬೀಜ ಅಂಟುತ್ತಿತ್ತು, ಬೀಜಕ್ಕೆ ಬೀಜ ಅಂಟುತ್ತಿತ್ತು. ಅತ್ತ ಮಗುವಿನ ತಲೆ ಹಿಡಿಯಲೋ, ಇತ್ತ ಬೀಜ ಸರಿಸಲೋ, ಮಧ್ಯೆ ಕಡ್ಡಿ ಕಟ್ಟಲೋ? ಹಾಗೆ ಒದ್ದಾಡುವಾಗ ಒಂದು ದಿನ ಅವಳಿಗೆ ಸುಲಭದ ದಾರಿ ಹೊಳೆಯಿತು. ಇಷ್ಟು ದಿನ ಯಾಕೆ ಹೊಳೆಯಲಿಲ್ಲ ಎಂದು ತನ್ನನ್ನು ತಾನೇ ಬೈದುಕೊಂಡಳು.

ಕಡ್ಡಿ ಲೆಕ್ಕ! ಮಗು ಗೋಡೆಗೆ ಹೋಗಿ ನಿಂತು ಚಚ್ಚಿ, ಸುಸ್ತಾಗಿ ಕೂತರೆ ಅದೊಂದು ಕಡ್ಡಿ. ಒಂದು ಬೀಜ. ಒಳಗೆ ಎಷ್ಟು ಎಲೆ ಇದ್ದರೇನು, ಕಡ್ಡಿ ಕಡ್ಡಿಯೇ. ನಡುವೆ ಉಸಿರು ತೆಗೆದುಕೊಳ್ಳಲು ನಿಂತು ಮತ್ತೆ ಶುರು ಮಾಡಿದರೂ ದಾರ ತುಂಡಾಗಿಲ್ಲವಲ್ಲ, ಅದೇ ಕಡ್ಡಿ. ಇದರಲ್ಲಿ ಮೋಸವಿದೆ ಎಂದು ಅವಳಿಗೆ ಕನಸಿನಲ್ಲೂ ಅನ್ನಿಸಲಿಲ್ಲ. ಹುಟ್ಟಿದಾಗಿನಿಂದ ಕಂಡ ಲೆಕ್ಕವೇ ಅದು. ಅವ್ವ ಹಾಗೇ ಎಣಿಸಿದ್ದಳು, ಅವ್ವನ ಅವ್ವನೂ ಹಾಗೇ ಎಣಿಸಿದ್ದಳು.

ಅದೇ ವಾರ ದೇವರಾಜು ಕುಶಾಲನಗರದಿಂದ ಬರುವಾಗ ಬೈಲಕುಪ್ಪೆಯಲ್ಲಿ ಇಳಿದು, ಟಿಬೆಟಿನವರ ಅಂಗಡಿಯಿಂದ ದಪ್ಪ ಉಣ್ಣೆಯ ಟೋಪಿ ತಂದ. ಮಗಳ ಹಣೆಗೆ ಮೆತ್ತಗಿರಲಿ ಎಂದು. ಹುಬ್ಬಿನವರೆಗೆ ಎಳೆದು ಹಾಕಿದರೆ ಧಡ್ ಎನ್ನುತ್ತಿದ್ದದ್ದು ದುಬ್ ಎನ್ನತೊಡಗಿತು. ರಮ್ಯಾಗೆ ಟೋಪಿ ಎಷ್ಟು ಹಿಡಿಸಿತೆಂದರೆ, ತೆಗೆಯಹೋದರೆ ಕಚ್ಚುತ್ತಿದ್ದಳು. ಹಾಗಾಗಿ ತೆಗೆಯುವುದನ್ನೇ ಬಿಟ್ಟರು.

ನೋಟ್‌ಬುಕ್ಕಿನಲ್ಲಿ ಅಂಕಿ ಇಳಿಯಿತು ನೋಡಿ! ಮೂವತ್ತೊಂದು. ಇಪ್ಪತ್ತಾರು. ಹದಿನೆಂಟು. ಆಗಸ್ಟ್ ಕೊನೆಗೆ ಹನ್ನೆರಡು. ಸೆಪ್ಟೆಂಬರ್ ಮೊದಲ ವಾರ ಒಂಬತ್ತು, ಒಂಬತ್ತು, ಎಂಟು, ಒಂಬತ್ತು. ಚಿಕ್ಕಬೀರಮ್ಮ ನೋಟ್‌ಬುಕ್ಕಿಗೆ ಅರಿಶಿನ ಕುಂಕುಮ ಹಚ್ಚಿ ದೇವರ ಗೂಡಿನಲ್ಲಿಟ್ಟಳು. ಕಂಠಪ್ಪ ಗೋಡೆಯ ಆಚೆ ಗೊರಕೆ ಹೊಡೆದ. ಎದ್ದು ಬಂದವನು ನೋಟ್‌ಬುಕ್ಕನ್ನು ದೂರ ಹಿಡಿದು ಓದಿ, “ಪರ್ವಾಗಿಲ್ವೇ, ನಮ್ಮ ಬೀರಿ ಎಂಗೆ ಇಳಿಸವ್ಳೆ! ಗಾಡಿ ಗೀಡಿ ಬುಡು ಇನ್ನ” ಎಂದ. ಹೊಟ್ಟೆಗೆ ಹಾಲು ಹುಯ್ದ ಹಾಗಾಯಿತು ಅವಳಿಗೆ. ಅಂದು ಕಜ್ಜಾಯ ಸುಟ್ಟಳು. ಆ ಹತ್ತು ದಿನ ಅವಳ ಬಾಳಿನಲ್ಲಿ ನಿಜಕ್ಕೂ ಸುಖದ ದಿನಗಳು, ಅದನ್ನು ಅವಳು ಇಂದಿಗೂ ಕ್ಷಮಿಸಿಕೊಂಡಿಲ್ಲ.

ಎರಡನೇ ಶನಿವಾರ ಬಂತು. ಶಾಹಿಸ್ತಾ ನೋಟ್‌ಬುಕ್ ನೋಡಿ ಕುರ್ಚಿಯಿಂದ ಎದ್ದೇಬಿಟ್ಟಳು.

“ಅರೆ ವ್ಹಾ! ಅಮ್ಮಾ, ನೀವೇ ಬಂದು ನಮ್ಮ ಕಾಲೇಜಲ್ಲಿ ಪಾಠ ಮಾಡಿ. ರಮ್ಯಾ, ಬಾ ಪುಟ್ಟಾ, ಬೆಲ್ಲ ತಗೋ.”

ಅವಳು ಬೆಲ್ಲ ಹಿಡಿದಿದ್ದು ಮಗುವಿನ ಎಡಗಡೆಗೆ. ರಮ್ಯಾಗೆ ಬೆಲ್ಲವೆಂದರೆ ಪ್ರಾಣ. ಆದರೂ ಕೈ ಬರಲಿಲ್ಲ. ಶಾಹಿಸ್ತಾ ಬೆಲ್ಲವನ್ನು ಮೆಲ್ಲಗೆ ಮೂಗಿನ ಮುಂದೆ ತಂದು ಬಲಕ್ಕೆ ಸರಿಸಿದಳು. ಕೈ ಚಂಗನೆ ಬಂತು. ಮತ್ತೆ ಎಡಕ್ಕೆ ಹಿಡಿದಳು. ಇಲ್ಲ. ಅವಳ ಮುಖದ ನಗೆ ಅಲ್ಲೇ ನಿಂತಿತು. ಕಚ್ಚಿಸಿಕೊಂಡೇ ಟೋಪಿ ತೆಗೆದಳು. ಹಣೆಯ ಮೇಲೆ ನಿಂಬೆಹಣ್ಣಿನಷ್ಟು ಗಟ್ಟಿಗಂಟು, ಅದರ ಸುತ್ತ ಹಳದಿ, ನೀಲಿ.

“ಅಮ್ಮಾ, ದಿನಕ್ಕೆ ಒಂಬತ್ತು ಏಟಿಗೆ ಇದು ಆಗಲ್ಲ. ನೀವು ಒಂದು ಅಂತ ಯಾವುದಕ್ಕೆ ಬರೀತೀರಿ?”

ಚಿಕ್ಕಬೀರಮ್ಮ ಬಾಯಿ ತೆರೆಯುವ ಮುಂಚೆ, ಟೋಪಿ ಹೋದ ಸಿಟ್ಟಿಗೆ ರಮ್ಯಾ ಗೋಡೆಗೆ ಹೋದಳು. ಶಾಹಿಸ್ತಾ ಓಡಿ ಹೋಗಿ ಹಣೆಗೂ ಗೋಡೆಗೂ ನಡುವೆ ತನ್ನ ಬ್ಯಾಗನ್ನು ಒತ್ತಿ ಹಿಡಿದಳು. ಇನ್ನೊಂದು ಕೈಯ ಗಡಿಯಾರ ಅವಳ ಮುಖದ ಎದುರೇ ಇತ್ತು. ಎಣಿಸಿದಳು, ಜೋರಾಗಿ, ಒಂದೊಂದೇ. ನಿಂತು, ಉಸಿರೆಳೆದು, ಮತ್ತೆ ಶುರುವಾಗಿ, ಕೊನೆಗೆ ಮಗು ಕುಸಿದು ಕೂತಾಗ ಹತ್ತೊಂಬತ್ತು ನಿಮಿಷ, ಇನ್ನೂರ ಹನ್ನೆರಡು ಏಟು.

“ಇದು ಎಷ್ಟು?” ಎಂದು ಕೇಳಿದಳು.

“ಒಂದು,” ಎಂದಳು ಚಿಕ್ಕಬೀರಮ್ಮ. ಹೇಳಿದ ಮೇಲೆ ಅವಳಿಗೆ ತಿಳಿಯಿತು. ಮಗು ಚಚ್ಚುವುದು ಇಳಿದಿರಲಿಲ್ಲ. ತುಂಡು ತುಂಡಾಗಿದ್ದದ್ದು ಒಂದಕ್ಕೊಂದು ಸೇರಿಕೊಂಡು ಉದ್ದವಾಗಿತ್ತು, ಅಷ್ಟೆ. ಮೂವತ್ತು ಸಣ್ಣ ಕಡ್ಡಿ ಹೋಗಿ ಒಂಬತ್ತು ದೊಡ್ಡ ಕಡ್ಡಿ ಆಗಿತ್ತು, ಒಂದೊಂದರಲ್ಲೂ ಎಲೆ ಕಿಕ್ಕಿರಿದಿತ್ತು. ಅವಳು ಕಜ್ಜಾಯ ಸುಟ್ಟ ದಿನವೂ ಹಾಗೇ. ಅವಳು ನೆಲಕ್ಕೆ ಕೂತು ತನ್ನ ಹಣೆಯನ್ನೇ ಹೊಡೆದುಕೊಂಡಳು. “ನಾನೇ ತಿಂದ್ನಲ್ಲವ್ವಾ ನನ್ ಮಗೀನ, ನಾನೇ ತಿಂದ್ನಲ್ಲಾ!” ಶಾಹಿಸ್ತಾ ಅವಳ ಕೈ ಹಿಡಿದುಕೊಂಡಳು, ತಾನೂ ಅಳುತ್ತಿದ್ದಳು. “ಈ ಎರಡನೇ ಕಾಲಂ ಮೂರು ತಿಂಗಳಿಂದ ಖಾಲಿ ಇದೆ. ನನ್ನ ಕಣ್ಣೆದುರೇ ಇತ್ತು. ನೂರಾರು ಇದ್ದದ್ದು ಒಂದೇ ದಿನಕ್ಕೆ ಮೂವತ್ತೊಂದಾಯ್ತು, ಆಗ್ಲೂ ನಾನು ಕೇಳಲೇ ಇಲ್ಲ.”

ಸೋಮವಾರ ಮೈಸೂರಿನ ಕಣ್ಣಾಸ್ಪತ್ರೆಗೆ ಹೋದರು. ಎಡಗಣ್ಣಿನ ಹಿಂದಿನ ಪರದೆ ಪೂರಾ ಕಿತ್ತುಬಂದಿದೆ, ಇನ್ನು ಕೂರಿಸಲಾಗದು ಎಂದರು ಡಾಕ್ಟರು. ಬಲಗಣ್ಣು ಚೆನ್ನಾಗಿದೆ. ಹೊಡೆದುಕೊಳ್ಳುವುದು ನಿಲ್ಲದಿದ್ದರೆ ಅದೂ ಹೋಗುತ್ತದೆ. ದೇವರಾಜು ಅದನ್ನು ಕೇಳಿ ಹೊರಗೆ ಹೋಗಿ, ಸಂಜೆಯವರೆಗೂ ಕಟ್ಟೆಯ ಮೇಲೆ ಕೂತ.

ಮನೆಗೆ ಬಂದಾಗ ಪುಟ್ಟಸಿದ್ದಮ್ಮ ಅವಳನ್ನು ಅಡುಗೆಮನೆಗೆ ಎಳೆದುಕೊಂಡಳು. ಅವಳ ಬಾಯಿ ಕತ್ತರಿ, ಒಳಗೆ ಬೆಣ್ಣೆ.

“ಬಾಯಿ ಮುಚ್ಕಂಡಿರು ಕಣೇ. ಕಣ್ಣಿಗೆ ಮೊದ್ಲಿಂದ್ಲೇ ಕಾಯಿಲೆ ಇತ್ತಂತೆ ಅಂದ್ಬುಡು. ಬುಕ್ನಲ್ಲಿ ಒಂಬತ್ತೇ ಬರಿ. ಬ್ಯಾರನ್ ತುಂಬೋದು ಇನ್ನೊಂದೇ ಸಲ ಅದೆ, ಅದು ಇಳಿದ್ರೆ ಸೊಪ್ಪು ಮುಗೀತು. ನೀನೀಗ ನೂರು ಇನ್ನೂರು ಅಂದ್ರೆ ಈವಪ್ಪ ನಾಳೇನೇ ಗಾಡಿ ಕರೆಸ್ತಾನೆ. ಅವನ ಮಾತು ಗೊತ್ತಿಲ್ವಾ ನಿಂಗೆ?”

ಅತ್ತ ದರಿ, ಇತ್ತ ಪುಲಿ. ನಿಜ ಬರೆದರೆ ಮಗು ಹೋಗುತ್ತದೆ. ಒಂಬತ್ತು ಬರೆದರೆ ಮಗು ಉಳಿಯುತ್ತದೆ, ಚಚ್ಚುವುದು ಯಾರಿಗೂ ಕಾಣದೆ ಉಳಿದ ಕಣ್ಣೂ ಹೋಗುತ್ತದೆ. ಮಂಗಳವಾರ ಇಡೀ ದಿನ ಅವಳು ಸೊಪ್ಪಿನ ಕೆಲಸಕ್ಕೆ ಹೋಗಲಿಲ್ಲ. ಕೈ ತೊಳೆದು ಗೋಡೆಯ ಬಳಿ ಕೂತು, ಮಗುವಿನ ಹಣೆಗೆ ದಿಂಬು ಒತ್ತಿ, ಒಂದು ಏಟಿಗೆ ಒಂದು ಬೀಜ ಸರಿಸಿದಳು. ಬೀಜ ಮುಗಿದಾಗ ಎಡದಿಂದ ಬಲಕ್ಕೆ ಸುರಿದು ಮತ್ತೆ ಎಣಿಸಿದಳು. ದೀಪ ಹಚ್ಚುವ ಹೊತ್ತಿಗೆ ಸಾವಿರದ ನಾನೂರ ಆರು. ಹಿಂದಿನ ಒಂಬತ್ತರ ಕೆಳಗೆ ಅದನ್ನೇ ಬರೆದಳು.

ಬುಧವಾರ ಬೆಳಿಗ್ಗೆ ನೋಟ್‌ಬುಕ್ ಹಿಡಿದು ಬ್ಯಾರನ್ ಬಳಿ ಹೋದಳು. ಕಂಠಪ್ಪ ಪುಟ್ಟ ಕಿಟಕಿಗೆ ಕಣ್ಣಿಟ್ಟು ಶಾಖ ನೋಡುತ್ತಿದ್ದ.

“ಭಾವ, ನಾನು ಬರೆದಿದ್ದು ಕಡ್ಡಿ ಲೆಕ್ಕ. ಎಲೆ ಲೆಕ್ಕ ಅಲ್ಲ.”

ಬೇರೆ ಯಾರಿಗಾದರೂ ಅರ್ಥ ಮಾಡಿಸಲು ಒಂದು ಗಂಟೆ ಬೇಕಿತ್ತು. ಕಂಠಪ್ಪನಿಗೆ ಅಷ್ಟೇ ಸಾಕಾಯಿತು. ಕಿಟಕಿಯಿಂದ ಮುಖ ತೆಗೆದ. “ಎಲೆ ಎಷ್ಟು?”

ಅವಳು ನೋಟ್‌ಬುಕ್ ಚಾಚಿದಳು. ಅವನು ಓದಿದ. ಕುತ್ತಿಗೆಯ ನರ ಉಬ್ಬಿತು. “ಥೂ ನಿನ್ನ! ಏನೇ ಮಾಡ್ಬುಟ್ಟೆ ನೀನು? ಎಲೆ ಎಣಿಸ್ಬೇಕಿತ್ತಲ್ಲೇ!” ಎಂದು ಕೂಗಿದ. ಅವಳು ತಲೆ ತಗ್ಗಿಸಿ ನಿಂತಳು. “ಗಾಡಿ ಕರೆಸಿ ಭಾವ, ನಾನೇನೂ ಅನ್ನಲ್ಲ. ಕಟ್ಟಾಕುದ್ರೂ ಒಂದು ಕಣ್ಣು ಉಳೀಲಿ. ಆದ್ರೆ ನಾನೂ ಅವಳ ಜೊತೆ ಓಗ್ತೀನಿ. ಅವ್ರು ಎಣಿಸಲ್ಲ.”

ಅಷ್ಟರಲ್ಲಿ ಮನೆಯಿಂದ ಆ ಶಬ್ದ ಬಂತು. ದುಬ್, ದುಬ್, ದುಬ್. ಕಂಠಪ್ಪ ನೋಟ್‌ಬುಕ್ ಹಿಡಿದೇ ಒಳಗೆ ನುಗ್ಗಿದ. ಅವಳು ಹಿಂದೆ ಓಡಿದಳು, ಹೊಡೆದುಬಿಡುತ್ತಾನೆ ಎಂದು. ಅವನು ಹೊಡೆಯಲಿಲ್ಲ. ಗೋಡೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ನೋಟ್‌ಬುಕ್ ನೆಲಕ್ಕಿಟ್ಟು, ಗೋಡೆಗೂ ಮಗುವಿನ ಹಣೆಗೂ ನಡುವೆ ತನ್ನ ಬಲಗೈ ಅಂಗೈ ಇಟ್ಟ. ಗೋಡೆ ಅವನ ಗೆಣ್ಣು ಕೆರೆಯುತ್ತಿತ್ತು. ಅವನ ತುಟಿ ಅಲುಗತೊಡಗಿತು. ಇಪ್ಪತ್ತಾಯಿತು, ನಲವತ್ತಾಯಿತು. ನೂರು ದಾಟಿದ ಮೇಲೆ ಅವನ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲು ಎಡಗೈ ಖಾಲಿ ಇದ್ದರೂ ಒರೆಸಿಕೊಳ್ಳಲಿಲ್ಲ. ನೂರ ಎಪ್ಪತ್ತೊಂದಕ್ಕೆ ಮಗು ನಿಲ್ಲಿಸಿ ಅವನ ತೊಡೆಗೆ ಒರಗಿತು. ಅವನ ಕೈ ಊದಿಕೊಂಡು ಮಡಿಸಲು ಬರುತ್ತಿರಲಿಲ್ಲ.

“ಅತ್ತರೊಳ್ಗೆ ತಾ ಅಂದೋನು ನಾನು,” ಎಂದ. “ನೀನು ತಂದ್ಕೊಟ್ಟೆ. ನಾನೂ ಸುಳ್ ಯೋಳ್ಲಿಲ್ಲ, ನೀನೂ ಸುಳ್ ಯೋಳ್ಲಿಲ್ಲ. ಮಗೀ ಕಣ್ಣು ಓಯ್ತು.” ಆಮೇಲೆ ಬಾಗಿಲಲ್ಲಿ ನಿಂತಿದ್ದ ಹೆಂಡತಿಗೆ, “ಗಾಡಿ ಬ್ಯಾಡ” ಎಂದ. ಎಡಗೈಯ ಗಡಿಯಾರವನ್ನು ಹಲ್ಲಿನಿಂದ ಬಿಚ್ಚಿ ಚಿಕ್ಕಬೀರಮ್ಮನ ಮುಂದೆ ಇಟ್ಟ. ಎಚ್‌ಎಂಟಿ ಗಡಿಯಾರ, ಬ್ಯಾರನ್ ಕಾಯಲು ಕೊಂಡಿದ್ದು.

ಅಂದಿನಿಂದ ಎರಡನೇ ಕಾಲಂ ತುಂಬಿತು. ಅದು ತುಂಬಿದ ಮೇಲೆ ಮೂರನೆಯದೂ ಬಾಯಿ ಬಿಟ್ಟಿತು. “ಏನೂ ಇಲ್ಲ” ಎಂದು ಬರೆದಿದ್ದಳಲ್ಲ, ಹಾಗಿರಲಿಲ್ಲ. ಹೆಚ್ಚಿನ ಸಲ, ಅಮ್ಮನ ಎರಡೂ ಕೈ ಸೊಪ್ಪಿಗೋ ಒಲೆಗೋ ಹೋದ ಐದು ನಿಮಿಷಕ್ಕೆ ಸರಿಯಾಗಿ ಮಗು ಗೋಡೆಗೆ ಹೋಗುತ್ತಿತ್ತು. ಅದನ್ನು ಕಂಡವಳು ಶಾಹಿಸ್ತಾ. ಅವಳ ಮಾತಿನಂತೆ ರಮ್ಯಾಳನ್ನು ಪಕ್ಕದಲ್ಲೇ ಕೂರಿಸಿಕೊಂಡು, ಮೂರು ಎಲೆ ಜೋಡಿಸಿ ಅಮ್ಮನ ಕೈಗೆ ಕೊಡುವುದನ್ನು ಕಲಿಸಿದರು. ಕಲಿಸಲು ಒಂದು ವರ್ಷ ಎರಡು ತಿಂಗಳು ಹಿಡಿಯಿತು. ಮಗು ಎರಡು ಕೊಟ್ಟರೆ ಚಿಕ್ಕಬೀರಮ್ಮ ಕಾಯುತ್ತಾಳೆ, ಮೂರು ಕೊಟ್ಟರೆ ಬೆನ್ನು ಸವರುತ್ತಾಳೆ. ಹಾಗಾಗಿ ಎಣಿಸಲೇಬೇಕು.

ಈಗ ೨೦೦೬. ರಮ್ಯಾಗೆ ಹದಿನೇಳು. ನೋಟ್‌ಬುಕ್ಕುಗಳು ಇಪ್ಪತ್ತೆರಡಾಗಿವೆ. ಅಂಕಿ ನೆಟ್ಟಗೆ ಇಳಿಯಿತು ಎಂದುಕೊಳ್ಳಬೇಡಿ. ಜ್ವರ ಬಂದ ವಾರ ನಾನೂರಕ್ಕೆ ಏರಿದ್ದುಂಟು, ಆ ದಿನಗಳಲ್ಲಿ ಚಿಕ್ಕಬೀರಮ್ಮನ ಮುಖ ನೋಡಲಾಗುವುದಿಲ್ಲ. ಪ್ರತಿ ಬೆಳಿಗ್ಗೆ ಮಗಳು ಏಳುವಾಗ ಬಲಗಡೆಗೆ ಒಂದು ಚೂರು ಬೆಲ್ಲ ಹಿಡಿಯುತ್ತಾಳೆ. ಕೈ ಬಂದ ಮೇಲೆ ಎದ್ದು ಒಲೆ ಹಚ್ಚುತ್ತಾಳೆ.

ಸೊಪ್ಪು ಕಟ್ಟುವ ಹೆಂಗಸರು ಈಗಲೂ ಆಡಿಕೊಳ್ಳುತ್ತಾರೆ. “ಎಲೆ ಎಣಿಸ್ತಾಳಲ್ಲಮ್ಮಿ, ಇವಳ್ಗೇನ್ ಉಚ್ಚು ಇಡಿದದಾ?” ಎನ್ನುತ್ತಾರೆ. ಕಂಠಪ್ಪನ ಕಿವಿಗೆ ಬಿದ್ದರೆ ಮಾತ್ರ ಸುಮ್ಮನಿರುವುದಿಲ್ಲ. ಸರಿಯಾಗಿ ಮಡಿಸಲು ಬಾರದ ಬಲಗೈಯಿಂದ ತಲೆಬಾಗಿಲ ಹಿಂದಿನ ನೋಟ್‌ಬುಕ್ ತೆಗೆದು, ಕಣ್ಣಿಗೆ ದೂರ ಹಿಡಿದು, ಹಿಂದಿನ ದಿನದ್ದನ್ನು ಜೋರಾಗಿ ಓದುತ್ತಾನೆ. ಮೊನ್ನೆ ಭಾನುವಾರದ್ದು ಹದಿನೇಳು ಏಟು. ಎಲೆ ಲೆಕ್ಕದಲ್ಲಿ ಹದಿನೇಳು.